ಬಲಗಡೆಯ ಬಾಗಿಲು

ಅಪ್ಪ ಸತ್ತ ವಾರದಲ್ಲೇ ಕೆಂಡ ಷೆಡ್ಡಿನ ಬೀಗ ಒಡೆದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಆದರೂ ಒಡೆದ. ಸುತ್ತಿಗೆಯ ಏಟಿಗೆ ಬೀಗ ಹಾರಿಹೋಗಿ ಪಕ್ಕದ ಮನೆಯ ಗೋಡೆಗೆ ಬಡಿಯಿತು. ಆ ಮನೆಯ ಮುದುಕಿ ಕಿಟಕಿ ತೆಗೆದು, ಸುತ್ತಿಗೆ ಹಿಡಿದವನು ಯಾರು ಅಂತ ನೋಡಿ, ಸದ್ದಿಲ್ಲದೆ ಕಿಟಕಿ ಮುಚ್ಚಿಕೊಂಡಳು.

ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ, ಕಬ್ಬಿಣದ್ದು ಏನೇ ಇರಲಿ, ವೆಲ್ಡಿಂಗ್ ಮಾಡುವುದು ಅವನ ಕಸುಬು. ದಿನವಿಡೀ ಕಿಡಿಗಳ ನಡುವೆ ಬದುಕುವವನಿಗೆ ಕೆಂಡ ಅನ್ನೋ ಹೆಸರು ಕಸುಬಿನಿಂದ ಬಂತೋ ಕೋಪದಿಂದ ಬಂತೋ, ಈಗ ಯಾರಿಗೂ ನೆನಪಿಲ್ಲ. ಗೇಟು ವಾಲಿದೆ ಅಂದ ಗಿರಾಕಿಯನ್ನು ಅದೇ ಗೇಟಿಗೆ ಒತ್ತಿ ಹಿಡಿದು, "ಈಗ ಹೇಳು, ವಾಲಿರೋದು ಗೇಟೋ ನೀನೋ?" ಅಂದವನು ಅವನು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೆಣ್ಣಿನ ಮನೆಯ ಅಂಗಳದಲ್ಲೇ ಕೈಕೈ ಮಿಲಾಯಿಸಿ ಮುಗಿದಿತ್ತು. ರಸ್ತೆಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯುವುದು ಅವನ ಜಾತಕದಲ್ಲೇ ಇರಲಿಲ್ಲ. ನಿಂತಲ್ಲೇ ನಿಂತು ತಿರುಗಿ ನೋಡುತ್ತಿದ್ದ. ಲಾರಿಯಾದರೂ ಅಷ್ಟೇ.

ಷೆಡ್ಡಿನೊಳಗೆ ದಪ್ಪ ಬಟ್ಟೆ ಹೊದ್ದುಕೊಂಡು ಅಪ್ಪನ ಕಾರು ಕೂತಿತ್ತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಕೂರುವ ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಅಪ್ಪ ಒಂದು ಕಾರ್ಖಾನೆಯ ಯಜಮಾನರಿಗೆ ಡ್ರೈವರ್ ಆಗಿದ್ದ. ಅವರು ಹೊಸ ಕಾರು ತಂದಾಗ ಇದನ್ನು ಬೇಡಿ ಮನೆಗೆ ತಂದಿದ್ದ. ತಂದವನು ಓಡಿಸಿದ್ದು ಮಾತ್ರ ಇಲ್ಲ. ರಜೆಯ ದಿನ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಮಕ್ಕಳ ಕೆನ್ನೆಯನ್ನು ಅಷ್ಟು ಮೆತ್ತಗೆ ಒರೆಸಿದ್ದು ಯಾರೂ ಕಂಡಿರಲಿಲ್ಲ.

ಚಿಕ್ಕವನಿದ್ದಾಗ ಒಂದು ಸಲ ಕೆಂಡ ಆ ಕಾರಿನ ಬಲಗಡೆಯ ಬಾಗಿಲು ಹಿಡಿದು ಒಳಗೆ ಇಣುಕಿದ್ದ. ಸ್ಟಿಯರಿಂಗ್ ನೋಡುವ ಆಸೆ. ಅಪ್ಪ ಹಿಂದಿನಿಂದ ಬಂದ. ಬೈಯಲಿಲ್ಲ, ಕೈ ತೆಗಿ ಅನ್ನಲಿಲ್ಲ. ಬಾಗಿಲು ಹಾಕಿದ. ಹುಡುಗನ ಬೆರಳು ಸಂದಿನಲ್ಲಿರುವುದನ್ನು ನೋಡಿಕೊಂಡೇ ಹಾಕಿದ. ಚಿಲಕ ಬಿದ್ದ ಸದ್ದಿಗೂ ಮೂಳೆಯ ಸದ್ದಿಗೂ ಫರಕು ಗೊತ್ತಾಗಲಿಲ್ಲ. ಓಡಿಬಂದು ಬಾಗಿಲು ಎಳೆದು ತೆಗೆದವಳು ಅಕ್ಕ. ಬಾಗಿಲು ಮುಟ್ಟಿದ್ದಕ್ಕೆ ಅವಳ ಬೆನ್ನಿಗೆ ಬೆಲ್ಟಿನ ಬಕಲ್ ಬಿತ್ತು. ಆ ಗುರುತು ಇವತ್ತಿಗೂ ಇದೆ. ಕೆಂಡನ ಬಲಗೈಯ ನಡುವಿನ ಎರಡು ಬೆರಳು ಆವತ್ತಿನಿಂದ ನೆಟ್ಟಗಾಗಲೇ ಇಲ್ಲ, ಕೊಕ್ಕೆಯ ಹಾಗೆ ಒಳಕ್ಕೆ ಬಾಗಿಯೇ ಬೆಳೆದವು.

ಹಾಗಾಗಿ, ಹೊದಿಕೆ ಕಿತ್ತೆಸೆದು ಕೆಂಡ ಸುತ್ತಿಗೆ ಎತ್ತಿದ್ದು ನೇರ ಬಲಗಡೆಯ ಬಾಗಿಲ ಮೇಲೆ.

"ಲೋ!"

ಆ ಒಂದು ದನಿಗೆ ಮಾತ್ರ ಅವನ ಕೈ ನಿಲ್ಲುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಊರ ಬಸ್ಸಿನ ಡ್ರೈವರ್ ಅವಳು. ಪಾಳಿ ಮುಗಿಸಿ ನೇರ ಬಂದಿದ್ದಳು, ಮೈಮೇಲೆ ಇನ್ನೂ ಸಮವಸ್ತ್ರ.

"ತಡೀಬೇಡ ಅಕ್ಕ. ಇದನ್ನ ಪುಡಿ ಮಾಡಿ ತೂಕಕ್ಕೆ ಹಾಕ್ತೀನಿ."

"ಹಾಕು. ಅರ್ಧ ಗಂಟೇಲಿ ಮುಗಿದುಹೋಗುತ್ತೆ. ಆಮೇಲೆ ಏನು ಒಡೀತೀಯಾ? ನನ್ನ ಮನೆ ಪಾತ್ರೇನಾ?" ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. "ಅಪ್ಪನಿಗೆ ಎಲ್ಲಿ ನೋವಾಗುತ್ತೋ ಅಲ್ಲಿ ಹೊಡಿ. ಇದನ್ನ ಓಡಿಸ್ಬಾರದು ಅಂತಿದ್ದ ತಾನೆ? ಓಡಿಸೋಣ. ಊರಾಚೆ ಟ್ರ್ಯಾಕ್ ಇದೆಯಲ್ಲ, ರಜೆ ದಿನ ಯಾರು ಬೇಕಾದ್ರೂ ತಮ್ಮ ಕಾರು ತಂದು ಓಡಿಸಬಹುದಂತೆ. ಇದರ ಮೈಮೇಲಿರೋ ಸಿಂಗಾರ ಎಲ್ಲಾ ಕಿತ್ತು ಬಿಸಾಕು. ಪೈಪಿನ ಪಂಜರ ಕಟ್ಟು. ನಾನು ಓಡಿಸ್ತೀನಿ."

"ನೀನಾ?"

"ಇಷ್ಟು ವರ್ಷ ಬಸ್ಸಲ್ಲಿ ಆಮೆ ಥರ ತೆವಳಿದ್ದೀನಿ ಕಣೋ. ಒಂದೇ ಒಂದು ಸಲ ಪೆಡಲ್ಲು ನೆಲಕ್ಕೆ ತಾಗೋ ಹಾಗೆ ಒತ್ತಬೇಕು ನಾನು."

ಕೆಂಡ ಸುತ್ತಿಗೆ ಇಳಿಸಿದ. "ಆದ್ರೆ ಈ ಬಾಗಿಲು ನಂದು."

"ಮೊದಲನೇ ಸಲ ಓಡಿಸಿ ಬಂದ ಮೇಲೆ ನಿಂದೇ. ಕಡಿ, ಸುಡು, ಕುಣಿ. ಅಲ್ಲೀವರೆಗೂ ಮುಟ್ಟಿದ್ರೆ ನಿನ್ನ ಕೈ ಕಡೀತೀನಿ."

ಹಾಗೆ ಶುರುವಾಯಿತು. ಅದು ಕಾರು ರಿಪೇರಿಯಲ್ಲ, ಕೊಲೆ. ಅಪ್ಪ ಮುದ್ದು ಮಾಡಿದ್ದನ್ನೆಲ್ಲ ಕೆಂಡ ಹುಡುಕಿ ಹುಡುಕಿ ಕೊಂದ. ಚರ್ಮದ ಸೀಟುಗಳ ಹೊಟ್ಟೆ ಸೀಳಿ ಆಚೆ ಎಸೆದ. ಮರದ ಡ್ಯಾಶ್‌ಬೋರ್ಡನ್ನು ಕಾಲಲ್ಲಿ ಒದ್ದು ಮುರಿದ. ಸದ್ದು ಕೇಳಬಾರದು ಅಂತ ನೆಲಕ್ಕೆ ಬಳಿದಿದ್ದ ಡಾಂಬರನ್ನು ಉಳಿಯಲ್ಲಿ ಕೆತ್ತಿ ಕೆತ್ತಿ ತೆಗೆದ. ಗ್ರೈಂಡರ್ ಕಿರುಚುತ್ತಿದ್ದರೆ ಅವನ ಮುಖದಲ್ಲಿ ಒಂಥರಾ ನಗು. ಹಿಂದಿನ ಗಾಜು ತೆಗೆಯುವಾಗ ಅಂಗೈ ಸೀಳಿ ರಕ್ತ ಸುರಿಯಿತು. ಅದನ್ನು ಕಾರಿನ ಮೈಗೇ ಒರೆಸಿ, "ತಗೋ, ಪಾಲಿಶ್" ಅಂದ.

ಆಮೇಲೆ ಕಟ್ಟುವ ಕೆಲಸ. ಒಳಗೆ ದಪ್ಪ ಪೈಪಿನ ಪಂಜರ ಬಂತು. ಅದನ್ನು ಮಾತ್ರ ಅವನು ಕೋಪ ಪಕ್ಕಕ್ಕಿಟ್ಟು ಮಾಡಿದ. ಬಲಗಡೆ, ಅಕ್ಕ ಕೂರುವ ಕಡೆ, ಎಲ್ಲರೂ ಒಂದು ಅಡ್ಡಪೈಪು ಹಾಕುವ ಕಡೆ ಎರಡನ್ನು ಕತ್ತರಿಯ ಹಾಗೆ ಕೂಡಿಸಿ ಬೆಸೆದ. ಭಾರ ಜಾಸ್ತಿ ಆಯ್ತು ಅಂತ ಅಕ್ಕ ಅಂದಿದ್ದಕ್ಕೆ, "ನಿನ್ನ ನಾಲಿಗೆ ಕಡಿಮೆ ಮಾಡ್ಕೋ, ಸಮ ಆಗುತ್ತೆ" ಅಂದ. ಎಂಜಿನ್ ಬಿಚ್ಚಿ ಕೂಡಿಸಿದ್ದಾಯಿತು, ಸ್ಪ್ರಿಂಗು ಗಿಡ್ಡ ಮಾಡಿದ್ದಾಯಿತು. ಹಳೇ ಬ್ರೇಕು ಅಷ್ಟು ವೇಗಕ್ಕೆ ಸಾಲದು ಅಂತ ಒಂದು ದೊಡ್ಡ ಕಾರಿನ ಬ್ರೇಕು ತಂದು, ಅದು ಕೂರುವುದಕ್ಕೆ ಬೇಕಾದ ಪಟ್ಟಿಗಳನ್ನು ತಾನೇ ಕಡಿದು ಕೊರೆದು ಮಾಡಿದ. ಚಕ್ರದೊಳಗೆ ತಟ್ಟೆಯೊಂದು ತಿರುಗುತ್ತಿರುತ್ತದೆ, ಬ್ರೇಕು ಒತ್ತಿದರೆ ದವಡೆಯ ಹಾಗಿರುವ ಒಂದು ಭಾರದ ಕಬ್ಬಿಣ ಆ ತಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಆ ದವಡೆಯನ್ನು ಹಿಡಿದು ನಿಲ್ಲಿಸುವುದು ಎರಡು ಬೋಲ್ಟು. ಎರಡೇ.

ಇಲ್ಲಿ ಭಾವನ ವಿಷಯ ಬರುತ್ತದೆ. ಭಾವ, ಅಂದರೆ ಅಕ್ಕನ ಗಂಡ, ಕ್ಷೌರಿಕ. ಕತ್ತಿ ಹಿಡಿದ ಕೈ ಕೂದಲೆಳೆಯಷ್ಟೂ ಅಲುಗದ ಮನುಷ್ಯ. ಕೈ ಎಷ್ಟು ನಿಧಾನವೋ ಮಾತೂ ಅಷ್ಟೇ ನಿಧಾನ, ಆದರೆ ಹರಿತ. ಕೆಂಡ ಮೂರು ಹೊತ್ತೂ ಅಕ್ಕನ ಮನೆಯಲ್ಲೇ ಉಣ್ಣುತ್ತಿದ್ದ. "ನಿನ್ನ ತಮ್ಮ ಇವತ್ತು ಇನ್ನೂ ಯಾರಿಗೂ ಹೊಡೆದಿಲ್ಲ ಕಣೇ, ಮೈ ಹುಷಾರಿಲ್ವೇನೋ" ಅಂತ ಭಾವ ತಟ್ಟೆಯ ಮುಂದೆ ಶುರು ಮಾಡುತ್ತಿದ್ದ. ಕೆಂಡ ಅನ್ನದ ಜೊತೆ ಹಲ್ಲೂ ಕಡಿಯುತ್ತಿದ್ದ.

ಕೆಂಡನ ಬಾಗಿದ ಬೆರಳಿಗೆ ಬಿಗಿ ತಿಳಿಯುತ್ತಿರಲಿಲ್ಲ. ಬೋಲ್ಟು ಸಾಕಷ್ಟು ಬಿಗಿಯಾಯಿತೋ ಇಲ್ಲವೋ ಅಂತ ಬೇರೆಯವರ ಕೈ ಹೇಳುತ್ತದೆ, ಅವನ ಕೈ ಹೇಳುತ್ತಿರಲಿಲ್ಲ. ಅದಕ್ಕೆ ಅವನು ಟಾರ್ಕ್ ರೆಂಚ್ ಇಟ್ಟುಕೊಂಡಿದ್ದ. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಅನ್ನುತ್ತದೆ. ಟಕ್ ಅಂದ ಮೇಲೆ ಭಾವ ಸಣ್ಣ ಕುಂಚದಲ್ಲಿ ಹಳದಿ ಗೆರೆ ಎಳೆಯುತ್ತಿದ್ದ, ಬೋಲ್ಟಿನ ತಲೆ ಮತ್ತು ಪಕ್ಕದ ಕಬ್ಬಿಣ ಎರಡನ್ನೂ ಹಾಯುವ ಹಾಗೆ. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ, ಬಗ್ಗಿ ನೋಡಿದರೆ ಗೊತ್ತಾಗಿಬಿಡುತ್ತದೆ. ಒಮ್ಮೆ ಭಾವ ಗೆರೆ ಇದ್ದ ಬೋಲ್ಟನ್ನೇ ಇನ್ನಷ್ಟು ಬಿಗಿ ಮಾಡಲು ಹೋಗಿ ಅದರ ತಲೆ ಮುರಿದಿದ್ದ. ಆವತ್ತು ಕೆಂಡ ಷೆಡ್ಡಿನ ಕಾನೂನು ಕೂಗಿ ಹೇಳಿದ್ದ: ಗೆರೆ ಬಿದ್ದ ಬೋಲ್ಟನ್ನು ಯಾರಪ್ಪನ ಮಗನೂ ಮತ್ತೆ ಮುಟ್ಟಬಾರದು.

ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ. ಮೂರು ಚಕ್ರದ ಕೆಲಸ ಮುಗಿದಿತ್ತು. ಉಳಿದದ್ದು ಮುಂದಿನ ಬಲಚಕ್ರ. ಬ್ರೇಕಿನ ಎರಡು ಬೋಲ್ಟನ್ನೂ ಕೆಂಡ ಬೆರಳಲ್ಲಿ ತಿರುಗಿಸಿ ಕೂರಿಸಿದ. ರೆಂಚ್ ಹಿಡಿದುಕೊಂಡವನಿಗೆ ಗಂಟಲು ಒಣಗಿತು, ನೀರು ಕುಡಿಯಲು ಹಿಂದಕ್ಕೆ ಹೋದ. ಭಾವನ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಇವನು ಬಂದು, ರೆಂಚ್ ತಿರುಗಿಸಿ, ಅದು ಟಕ್ ಅಂದು, ಆಮೇಲೆ ತಾನು ಗೆರೆ ಎಳೆದು ಹೋಗುವ ಹೊತ್ತಿಗೆ ಅವರು ಎದ್ದು ಹೋಗಿರುತ್ತಾರೆ ಅನ್ನಿಸಿತು. ಹೇಗೂ ಈಗ ಬಿಗಿ ಮಾಡುತ್ತಾನಲ್ಲ ಅಂದುಕೊಂಡು ಎರಡು ಬೋಲ್ಟಿಗೂ ಮೊದಲೇ ಗೆರೆ ಎಳೆದುಬಿಟ್ಟ. ಕುಂಚ ಒರೆಸಿ ಎದ್ದು ನಿಂತ. ಕೆಂಡ ಅದನ್ನು ನೋಡಲಿಲ್ಲ.

ಬಾಯಿ ಒರೆಸಿಕೊಂಡು ಬಂದ ಕೆಂಡನ ಕಣ್ಣು ಬಲಗಡೆಯ ಬಾಗಿಲ ಮೇಲೆ ಹೋಯಿತು. ಬಿಚ್ಚಿ ಗೋಡೆಗೆ ಒರಗಿಸಿದ್ದ ಬಾಗಿಲು ಅದು. ಹೋಗುತ್ತ ಬರುತ್ತ ಅದಕ್ಕೊಂದು ಒದೆ ಕೊಡುವುದು ಅವನ ಅಭ್ಯಾಸ. ಕೊಟ್ಟ.

"ನಾಳೆ ಸಂಜೆ ಇದೆ ನಿನಗೆ" ಅಂದ ಬಾಗಿಲಿಗೆ.

ಭಾವನಿಗೆ ತಡೆಯಲಾಗಲಿಲ್ಲ. "ತಲೆ ಕೂದಲು ಬೆಳ್ಳಗಾಯ್ತು, ಇನ್ನೂ ಬಾಗಿಲ ಜೊತೆ ಜಗಳ ಆಡ್ತಾ ಇದ್ದೀಯಲ್ಲಪ್ಪ. ಅದೂ ಪಾಪ, ತಿರುಗಿ ಹೊಡೆಯೋದಿಲ್ಲ."

"ಭಾವ, ನಿಮ್ಮ ಕೆಲಸ ನೋಡ್ಕೊಳ್ಳಿ."

"ಬಾಗಿಲು ಹಾಕಿದವನು ಇದ್ದಾಗ ಎದುರು ನಿಂತು ಒಂದು ಮಾತು ಆಡಲಿಲ್ಲ. ಅವನು ಹೋದ ಮೇಲೆ ತಗಡಿನ ಮುಂದೆ ಪೌರುಷ. ಒದಿ, ಒದಿ. ಸತ್ತವನಿಗೂ ತಗಡಿಗೂ ಹೆದರಬೇಕಾಗಿಲ್ಲ ನೋಡು."

ಆ ಮಾತು ಸುಳ್ಳಾಗಿದ್ದರೆ ಕೆಂಡ ಬೈದು ಸುಮ್ಮನಾಗುತ್ತಿದ್ದನೋ ಏನೋ. ನಿಜ ಆಗಿದ್ದಕ್ಕೆ ನೆತ್ತಿಗೇರಿತು.

"ಏನಂದೆ? ಇನ್ನೊಂದು ಸಲ ಅನ್ನು."

ಕೆಂಡನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂತು ಅಂದರೆ ಓಡಬೇಕು. ಭಾವ ಓಡಲಿಲ್ಲ. ಇನ್ನೊಂದು ಸಲ ಅನ್ನುವುದಕ್ಕೆ ಬಾಯಿ ತೆರೆದ. ಕೆಂಡನ ಕೈಯಲ್ಲಿದ್ದ ರೆಂಚ್ ಬೀಸಿಕೊಂಡು ಬಂದು ದವಡೆಗೆ ಬಿತ್ತು. ಭಾವ ಬಣ್ಣದ ಡಬ್ಬಿಯ ಸಮೇತ ಹಿಂದಕ್ಕೆ ಉರುಳಿದ. ಎದ್ದು ಕೂತಾಗ ಬಾಯಿಂದ ರಕ್ತ, ರಕ್ತದ ಜೊತೆ ಒಂದು ಹಲ್ಲು. ಅದನ್ನು ಅಂಗೈಲಿ ಹಿಡಿದು ನೋಡಿದ. ಹತ್ತಿರ ಸಿಕ್ಕ ಕಬ್ಬಿಣದ ಪಟ್ಟಿ ಎತ್ತಿ ಕೆಂಡನ ಮೊಣಕಾಲಿಗೆ ಬೀಸಿದ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ನೆಲದ ಮೇಲೆ ಹಳದಿ ಬಣ್ಣ, ಎಣ್ಣೆ, ರಕ್ತ. ಪಕ್ಕದ ಮನೆಯ ಮುದುಕಿ ಕಿಟಕಿಯಿಂದ ಒಂದು ಬಕೆಟ್ ನೀರು ಸುರಿದ ಮೇಲೆ ಬಿಟ್ಟರು. ಭಾವ ಬಾಯಿ ಮುಚ್ಚಿಕೊಂಡು ನಡೆದುಹೋದ. ಕೆಂಡ ಕುಂಟುತ್ತ ಷೆಡ್ಡಿನ ಷಟರ್ ಎಳೆದ.

ಬೆಳಿಗ್ಗೆ ಬಂದವನು ಬಲಚಕ್ರದ ಹತ್ತಿರ ಬಗ್ಗಿ ನೋಡಿದ. ಎರಡು ಬೋಲ್ಟಿನ ಮೇಲೂ ಹಳದಿ ಗೆರೆ, ನೆಟ್ಟಗೆ, ಅಚ್ಚುಕಟ್ಟಾಗಿ. ಬಿಗಿ ಮಾಡಿದ್ದೆನಾ ಅಂತ ಯೋಚಿಸಿದ. ಆ ಮಧ್ಯಾಹ್ನದಲ್ಲಿ ಅವನಿಗೆ ನೆನಪಿದ್ದದ್ದು ಕೋಪ ಒಂದೇ. ಗೆರೆ ಇದೆ ಅಂದ ಮೇಲೆ ಟಕ್ ಅಂದಿರಲೇಬೇಕು. ಗೆರೆ ಬಿದ್ದದ್ದನ್ನು ಮುಟ್ಟಬಾರದು, ಕಾನೂನು ಅವನದೇ. ಚಕ್ರ ಹಾಕಿದ. ಬಾಗಿಲು ಕೂರಿಸಿದ.

ಅಕ್ಕ ಬಂದಳು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಬೀಸಿ ಅವನ ತಲೆಗೆ ಒಂದು ಬಿಟ್ಟಳು.

"ಅವರ ಮುಖ ನೋಡಿದ್ಯಾ? ಗಂಜಿ ಕುಡಿಯೋಕೆ ಆಗ್ತಿಲ್ಲ ಆ ಮನುಷ್ಯಂಗೆ. ಅಪ್ಪನ್ನ ಕಂಡ್ರೆ ಆಗೋದಿಲ್ಲ ಅಂತೀಯಲ್ಲ, ಕನ್ನಡಿ ನೋಡ್ಕೋತೀಯಾ ಯಾವತ್ತಾದ್ರೂ?"

ಕೆಂಡ ತಲೆ ಸವರಿಕೊಂಡ. ತಿರುಗಿ ಹೊಡೆಯದ ಏಟುಗಳು ಅವನ ಜೀವನದಲ್ಲಿ ಎರಡೇ ಕಡೆಯಿಂದ ಬಂದದ್ದು. ಅಪ್ಪನಿಗೆ ಹೆದರಿ ತಿರುಗಿ ಹೊಡೆದಿರಲಿಲ್ಲ. ಅಕ್ಕನ ಏಟಿಗೆ ಕಾರಣ ಬೇರೆ, ಅದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ.

ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋದರು. ಟ್ರ್ಯಾಕ್ ಬಯಲಿನ ಮಧ್ಯೆ ಇತ್ತು. ಟಯರ್ ಸುಟ್ಟ ವಾಸನೆ, ಕಿವಿ ಹರಿಯುವ ಸದ್ದು. ಅಲ್ಲಿದ್ದವರ ಕಾರುಗಳು ಹೊಳೆಯುತ್ತಿದ್ದವು. ಇವರದು ಬಣ್ಣ ಕೆತ್ತಿಹೋಗಿ, ಒಳಗೆಲ್ಲ ಬೋಳಾಗಿ, ಚರ್ಮ ಸುಲಿದ ಪ್ರಾಣಿಯ ಹಾಗೆ ಕಾಣುತ್ತಿತ್ತು. ಯಾರೋ ನಕ್ಕರು. ಕೆಂಡ ಅತ್ತ ಎರಡು ಹೆಜ್ಜೆ ಇಟ್ಟ. ಅಕ್ಕ ಅವನ ಅಂಗಿಯ ಕಾಲರ್ ಹಿಡಿದು ವಾಪಸ್ ಎಳೆದುಕೊಂಡಳು.

ಅವಳು ಕತ್ತರಿ ಪೈಪುಗಳ ಮೇಲಿಂದ ಒಳಗೆ ತೂರಿ ಕೂತಳು. ಕೆಂಡ ಬೆಲ್ಟುಗಳನ್ನು ಎಳೆದು ಬಿಗಿದ.

"ಉಸಿರಾದ್ರೂ ಆಡ್ಲಾ?"

"ಆಮೇಲೆ ಆಡುವಂತೆ." ಬಲಗಡೆಯ ಬಾಗಿಲು ಹಾಕಿದ. ಮೆಲ್ಲಗೆ ಹಾಕಿದ, ಅವಳ ಕೈ ಎಲ್ಲಿದೆ ನೋಡಿ ಹಾಕಿದ. ಅದನ್ನು ಹಾಕುವಾಗಲೆಲ್ಲ ಅವನ ಎರಡು ಬೆರಳು ತಾವಾಗಿಯೇ ಮುದುಡಿಕೊಳ್ಳುತ್ತಿದ್ದವು.

ಮೊದಲನೇ ಸುತ್ತು ಎಲ್ಲರೂ ನಿಧಾನವಾಗಿ ಹೋಗಬೇಕು, ದಾರಿ ಪರಿಚಯಕ್ಕೆ. ಅಕ್ಕ ಬಸ್ಸು ಓಡಿಸುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೋದಳು. ಕೆಂಡ ಗೋಡೆಗೆ ಒರಗಿ ನೋಡುತ್ತಿದ್ದ. ಅಷ್ಟರಲ್ಲಿ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಭಾವ. ತಲೆಯಿಂದ ದವಡೆಯವರೆಗೆ ಬಟ್ಟೆ ಕಟ್ಟಿಕೊಂಡಿದ್ದ, ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಇವನ ಮುಖ ನೋಡಲು ಬಂದಿರಲಿಲ್ಲ. ಹೆಂಡತಿ ಓಡಿಸುವುದನ್ನು ನೋಡಲು ಬಂದಿದ್ದ.

ಸಾರಿ ಅನ್ನುವ ಶಬ್ದ ಕೆಂಡನ ಗಂಟಲಿಂದ ಹೊರಗೆ ಬಂದದ್ದೇ ಇಲ್ಲ. ಅದರ ಬದಲಿಗೆ ಬೇರೆ ಏನಾದರೂ ಹೇಳಬೇಕಿತ್ತು. ಟ್ರ್ಯಾಕಿನ ಕಡೆ ನೋಡುತ್ತಲೇ ಹೇಳಿದ:

"ಅಷ್ಟು ಏಟು ತಿಂದ ಮೇಲೂ ವಾಪಸ್ ಬಂದು ಗೆರೆ ಎಳೆದು ಹೋದಿರಲ್ಲ ಭಾವ. ಮೆಚ್ಚಿದೆ."

ಭಾವ ಊದಿದ ಬಾಯಿಯ ಸಂದಿನಿಂದ ಮಾತು ಹೊರಡಿಸಿದ. "ಏಟು ತಿಂದ ಮೇಲಲ್ಲ. ಮುಂಚೆ ಎಳೆದದ್ದು."

"ಮುಂಚೆ ಅಂದ್ರೆ?"

"ನೀನು ನೀರು ಕುಡಿಯೋಕೆ ಹೋಗಿದ್ದೆಯಲ್ಲ, ಆವಾಗ. ಅಂಗಡೀಲಿ ಜನ ಕಾಯ್ತಿದ್ರು." ಭಾವ ಅವನ ಕಡೆ ತಿರುಗಿದ. ತೆರೆದಿದ್ದ ಒಂದು ಕಣ್ಣು ಅಗಲವಾಯಿತು. "ನೀನು ಆಮೇಲೆ ಬಿಗಿ ಮಾಡಿದೆ ತಾನೆ?"

ಟಕ್ ಅಂದದ್ದು ಕೇಳಿದ ನೆನಪು ಕೆಂಡನಿಗೆ ಇರಲಿಲ್ಲ. ಎದುರಿಗೆ ಅಕ್ಕನ ಕಾರು ಮೊದಲ ಸುತ್ತು ಮುಗಿಸಿ ಅವರ ಮುಂದೆಯೇ ಹಾದುಹೋಯಿತು. ಕಿಟಕಿಯಿಂದ ಕೈ ಆಡಿಸಿದಳು. ಆಮೇಲೆ ಎಂಜಿನ್ ಗರ್ಜಿಸಿತು. ಪೆಡಲ್ಲು ನೆಲಕ್ಕೆ ತಾಗಿತ್ತು.

"ಅಕ್ಕಾ!"

ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೆಂಡ ಓಡಿದ. ಮೊಣಕಾಲಿನ ನೋವು ಎಲ್ಲಿ ಹೋಯಿತೋ. ಗೋಡೆಯ ಪಕ್ಕ, ಉದ್ದನೆಯ ನೇರ ದಾರಿಯ ಮೊದಲಲ್ಲಿ, ಬಾವುಟ ತೋರಿಸುವವನು ಒಂದು ಎತ್ತರದ ಕಟ್ಟೆಯ ಮೇಲೆ ನಿಂತಿದ್ದ. ಮಿಕ್ಕ ತಿರುವುಗಳಿಗೆ ಗೇರು ಇಳಿಸಿದರೆ ಸಾಕು, ಆ ನೇರ ದಾರಿಯ ಕೊನೆಗೆ ಮಾತ್ರ ಒಂದು ಕಡಿದಾದ ತಿರುವು. ಈ ಸುತ್ತಿನಲ್ಲಿ ಅಕ್ಕ ಅಲ್ಲಿಗೆ ಪೂರ್ತಿ ವೇಗದಲ್ಲಿ ಬರುತ್ತಾಳೆ, ಬಂದು ಬ್ರೇಕು ತುಳಿಯುತ್ತಾಳೆ.

"ಕೆಂಪು ಬಾವುಟ ತೋರ್ಸು! ಆ ಬೋಳು ಕಾರಿಗೆ ಬ್ರೇಕಿಲ್ಲ!"

"ನೀವು ಇಲ್ಲಿಗೆ ಬರೋ ಹಾಗಿಲ್ಲ, ಕೆಳಗಿಳೀರಿ."

"ಬಾವುಟ ತೋರ್ಸೋ!"

"ಮೇಲಿಂದ ಹೇಳ್ಬೇಕು ಸ್ವಾಮಿ. ಕೇಳ್ತೀನಿ, ತಡ್ಕೊಳಿ." ಅವನು ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದ.

ಅದು ಬಾಯಿಗೆ ತಲುಪುವ ಮೊದಲೇ ಕೆಂಡನ ಮುಷ್ಟಿ ತಲುಪಿತು. ಮೂಗಿನಿಂದ ರಕ್ತ ಚಿಮ್ಮಿತು, ಮನುಷ್ಯ ಕಟ್ಟೆಯಿಂದ ಕೆಳಗೆ ಬಿದ್ದ. ಕೆಂಡ ಕೆಂಪು ಬಾವುಟ ಕಿತ್ತುಕೊಂಡು, ಗೋಡೆ ಹಾರಿ, ಟ್ರ್ಯಾಕಿನ ನಟ್ಟನಡುವೆ ಹೋಗಿ ನಿಂತ. ಒಂದು ಕಪ್ಪು ಕಾರು ಅವನ ಪಕ್ಕದಲ್ಲೇ ಕಿರುಚಿಕೊಂಡು ಹೋಯಿತು, ಅದರ ಗಾಳಿಗೆ ಅಂಗಿ ಹರಿದ ಹಾಗಾಯಿತು. ಅವನು ಅಲುಗಲಿಲ್ಲ. ಜೀವನವಿಡೀ ಮಾಡಿದ್ದು ಅದೇ. ಅಡ್ಡ ನಿಲ್ಲುವುದು.

ದೂರದ ತಿರುವಿನಲ್ಲಿ ಅಕ್ಕನ ಕಾರು ಕಂಡಿತು. ದೊಡ್ಡದಾಗುತ್ತ ಬಂತು. ಅವನು ಎರಡು ಕೈಯಲ್ಲೂ ಬಾವುಟ ಬೀಸಿದ. ಬೀಸುತ್ತಿರುವಾಗಲೇ ಹೊಳೆಯಿತು. ತಮ್ಮ ರಸ್ತೆ ಮಧ್ಯೆ ನಿಂತಿರುವುದನ್ನು ಕಂಡರೆ ಅವಳು ಏನು ಮಾಡುತ್ತಾಳೆ? ಬ್ರೇಕಿನ ಮೇಲೆ ಎದ್ದು ನಿಲ್ಲುತ್ತಾಳೆ. ಯಾವುದನ್ನು ತಪ್ಪಿಸಬೇಕಿತ್ತೋ ಅದನ್ನೇ ಅವನು ಮಾಡಿಸಲು ಹೊರಟಿದ್ದ.

ಸರಿಯಬೇಕು. ಆ ಕಾಲುಗಳಿಗೆ ಸರಿದು ಅಭ್ಯಾಸವೇ ಇರಲಿಲ್ಲ. ಅವನು ತನ್ನನ್ನೇ ಹಿಡಿದು ಎಸೆದುಕೊಂಡ ಹಾಗೆ ಪಕ್ಕಕ್ಕೆ ಬಿದ್ದ, ತೆವಳಿದ, ಗೋಡೆಯ ಆಚೆ ಉರುಳಿದ. ಅಲ್ಲಿಂದಲೇ ಬಾವುಟವನ್ನು ಮೇಲೆ ಹಿಡಿದ. ಬೀಸಲಿಲ್ಲ. ಸುಮ್ಮನೆ ಹಿಡಿದುಕೊಂಡ, ಜೋಲು ಬಟ್ಟೆಯ ಹಾಗೆ, ಗಾಬರಿಯೇ ಇಲ್ಲ ಅನ್ನುವ ಹಾಗೆ.

ಅಕ್ಕ ನೋಡಿದಳು. ವೇಗದ ಕಾಲು ಎತ್ತಿದಳು. ಎಂಜಿನ್ನಿನ ಸದ್ದು ಇಳಿಯಿತು, ಗೇರು ಇಳಿಯಿತು, ಇನ್ನೊಂದು ಇಳಿಯಿತು. ಬಸ್ಸಿನವಳ ಕಾಲು ಅದು, ಬ್ರೇಕಿಗೆ ಮೊದಲು ಗೇರು. ಅವನ ಮುಂದೆ ಹಾದುಹೋಗುವಾಗ ಅರ್ಧ ವೇಗವೂ ಇರಲಿಲ್ಲ. ಬದುಕಿದಳು ಅಂದುಕೊಂಡ.

ಆಮೇಲೆ ಅವಳು ಬ್ರೇಕಿನ ಮೇಲೆ ಕಾಲಿಟ್ಟಳು. ಬರೀ ಇಟ್ಟಳು, ತುಳಿಯಲಿಲ್ಲ. ಬಲಚಕ್ರದೊಳಗಿಂದ ಗಂಟೆ ಒಡೆದಂಥ ಸದ್ದು ಬಂತು. ದವಡೆ ಕಿತ್ತುಕೊಂಡು ಚಕ್ರಕ್ಕೆ ಸಿಕ್ಕಿಬಿತ್ತು. ಚಕ್ರ ಕಚ್ಚಿ ನಿಂತಿತು. ಕಾರಿನ ಮೂಗು ಬಲಕ್ಕೆ ಎಳೆದು, ಹಿಂಭಾಗ ಬೀಸಿ ಬಂದು, ಇಡೀ ಕಾರು ಬಲಪಕ್ಕೆಯಾಗಿ ಆಚೆ ಬದಿಯ ಗೋಡೆಗೆ ಅಪ್ಪಳಿಸಿತು.

ಕೆಂಡ ಅದನ್ನು ನೋಡಿದ್ದು ಓಡುತ್ತಲೇ. ಕಾರು ಗೋಡೆಯಿಂದ ಪುಟಿದು ಸ್ವಲ್ಪ ಈಚೆ ಬಂದು ನಿಂತಿತ್ತು. ಬಲಗಡೆಯ ಬಾಗಿಲು ಹಿಸುಕಿದ ಡಬ್ಬಿಯ ಹಾಗಾಗಿ ಒಳಕ್ಕೆ ಹೋಗಿತ್ತು, ಒಳಗಿನ ಕತ್ತರಿ ಪೈಪುಗಳಿಗೆ ಆತುಕೊಂಡು ನಿಂತಿತ್ತು. ಮೂಗಿನಡಿಯಿಂದ ಹೊಗೆ. ಪೆಟ್ರೋಲಿನ ವಾಸನೆ.

"ಅಕ್ಕಾ! ಅಕ್ಕಾ!"

"ಬೊಬ್ಬೆ ಹೊಡೀಬೇಡ್ವೋ" ಅಂದಿತು ಹೆಲ್ಮೆಟ್ಟಿನ ಒಳಗಿನ ದನಿ, ತೆಳ್ಳಗೆ. "ಕೈ ಎತ್ತೋಕಾಗ್ತಿಲ್ಲ. ಬೆಲ್ಟು ಬಿಚ್ಚು."

ಬಿಚ್ಚುವುದು ಎಲ್ಲಿಂದ? ಎಡಗಡೆ ಸೀಟು ಕಿತ್ತು ಬಾಗಿಲನ್ನೂ ಬೆಸೆದು ಮುಚ್ಚಿದವನು ಅವನೇ. ದಾರಿ ಅಂತ ಇದ್ದದ್ದು ಬಲಗಡೆಯ ಬಾಗಿಲೊಂದೇ. ಹಿಡಿಕೆ ಎಳೆದ, ಅದು ಕೈಗೇ ಬಂತು. ಒದ್ದ. ಬಾಗಿಲು ನಕ್ಕ ಹಾಗೆ ಕಿರ್ ಅಂದು ಅಲ್ಲೇ ನಿಂತಿತು. ಹೊಗೆಯ ಬುಡದಲ್ಲಿ ಸಣ್ಣದೊಂದು ಉರಿ ಕಂಡಿತು.

ಬಾಗಿಲ ಮೇಲ್ತುದಿಯಲ್ಲಿ ಒಂದು ಸಂದು ಬಿಟ್ಟಿತ್ತು. ಬೆರಳು ತೂರುವಷ್ಟು. ಕೆಂಡ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಬಲಗೈಯ ಆ ಎರಡು ಕೊಕ್ಕೆ ಬೆರಳನ್ನು ಸಂದಿನೊಳಗೆ ಇಳಿಸಿದ, ಎಡಗೈಯನ್ನು ಅದರ ಮೇಲೆ ಕಟ್ಟಿದ, ಕಾಲು ಕಾರಿನ ಮೈಗೆ ಒತ್ತಿ ಎಳೆದ. ತಗಡು ಮಾಂಸಕ್ಕೆ ಇಳಿಯಿತು. ಹಳೇ ಮೂಳೆ ಮತ್ತೊಮ್ಮೆ ಲಟಕ್ ಅಂದದ್ದು ಅವನಿಗೆ ಕೇಳಿಸಿತು. ಬಿಡಲಿಲ್ಲ. ಎಳೆಯುತ್ತ ಅವನು ಕೂಗಿದ್ದು ಬೈಗುಳವೂ ಅಲ್ಲ, ಅಳುವೂ ಅಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಕೈ ಬಂದು ಸಂದಿಗೆ ಬಿದ್ದವು, ಕತ್ತಿ ಹಿಡಿಯುವ ನುಣುಪು ಕೈ. ಭಾವನ ದವಡೆಯ ಕಟ್ಟು ಬಿಚ್ಚಿಹೋಗಿತ್ತು. ಇಬ್ಬರೂ ಸೇರಿ ಎಳೆದರು.

"ಬಗ್ರೋ!" ಅಂತ ಹಿಂದಿನಿಂದ ಯಾರೋ ಗದರಿಸಿದರು. ಬಾವುಟದವನು. ಮೂಗಿನಿಂದ ಗದ್ದದವರೆಗೆ ರಕ್ತ, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಅವರ ತಲೆಯ ಮೇಲಿಂದ ಬಿಳಿ ಪುಡಿ ಸುರಿಯಿತು. ಆ ಬಿಳುಪಿನೊಳಗೆ ಕೀಲು ಮುರಿದು ಬಾಗಿಲು ಅವರ ಮೈಮೇಲೆ ಬಂತು. ಕೆಂಡ ಅದನ್ನು ಹಿಂದಕ್ಕೆ ಎಸೆದ. ಎಲ್ಲಿ ಬಿತ್ತು ಅಂತ ತಿರುಗಿಯೂ ನೋಡಲಿಲ್ಲ. ಅಕ್ಕನ ಬೆಲ್ಟು ಬಿಚ್ಚಿ, ಕಂಕುಳಿಗೆ ಕೈ ಹಾಕಿ ಎಳೆದು, ಹುಲ್ಲಿನ ಮೇಲೆ ಮಲಗಿಸಿದರು.

ಹೆಗಲ ಮೂಳೆ ಮುರಿದಿತ್ತು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಹೆಲ್ಮೆಟ್ಟು ತೆಗೆದಾಗ ಅವಳ ಮುಖ ಬೆಳ್ಳಗಿತ್ತು, ಆದರೆ ಕಣ್ಣು ಎಂದಿನ ಹಾಗೇ ಜೋರಾಗಿತ್ತು.

"ಬ್ರೇಕಿಗೆ ಏನಾಯ್ತು?"

"ನಂದೇ ತಪ್ಪು" ಅಂದ ಭಾವ. "ಬಿಗಿ ಮಾಡೋಕೆ ಮುಂಚೆನೇ ಗೆರೆ ಎಳೆದಿದ್ದೆ."

"ನೀವು ಸುಮ್ನಿರಿ. ಬಿಗಿ ಮಾಡಬೇಕಾಗಿದ್ದವನು ನಾನು. ರೆಂಚ್ ಕೈಲಿತ್ತು, ನಿಮ್ಮ ಮುಖಕ್ಕೆ ಹಾಕಿದೆ."

"ಅದು ಆಮೇಲಿನ ಮಾತಪ್ಪ. ಮೊದಲು ಕುಂಚ ಎತ್ತಿದವನು ನಾನು."

"ನನ್ನ ಷೆಡ್ಡಲ್ಲಿ ತಪ್ಪು ನಂದು ಅಂದ್ರೆ ನಂದು! ನಡುವೆ ಬಂದ್ರೆ ಇನ್ನೊಂದು ಹಲ್ಲು ಹೋಗುತ್ತೆ ನೋಡಿ!"

ಅಕ್ಕನಿಗೆ ನಗು ಬಂತು. ನಕ್ಕರೆ ಪಕ್ಕೆಲುಬು ಚುಚ್ಚಿತು. "ಇಬ್ಬರೂ ಹಾಳಾಗಿ ಹೋಗ್ರಿ" ಅಂದಳು ಕಣ್ಣಲ್ಲಿ ನೀರು ಇಳಿಸುತ್ತ. "ಲೋ, ಪೆಡಲ್ಲು ನೆಲಕ್ಕೆ ತಾಗ್ತು ಕಣೋ."

ಅವಳನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಬಾವುಟದವನು ಕೆಂಡನ ಭುಜ ತಟ್ಟಿದ. ಕೆಂಡ ತಿರುಗಿದ. ಮೂಗಿನ ಮೇಲೆ ಗುದ್ದು ಬಿತ್ತು, ಚೆನ್ನಾಗಿಯೇ ಬಿತ್ತು. ಸುತ್ತಲಿದ್ದವರು ಹಿಂದಕ್ಕೆ ಸರಿದರು. ಕೆಂಡ ಕೈ ಎತ್ತಲಿಲ್ಲ. ಮೂಗು ಒರೆಸಿಕೊಂಡು, "ಸರಿ" ಅಂದ. ಬಾವುಟದವನೂ, "ಸರಿ" ಅಂದ. ಆಮೇಲೆ ಟ್ರ್ಯಾಕಿನ ದೊಡ್ಡ ಮನುಷ್ಯರು ಬಂದು, ಈ ಗೇಟಿನೊಳಗೆ ಇನ್ನು ಮುಂದೆ ನೀನು ಕಾಲಿಡುವ ಹಾಗಿಲ್ಲ ಅಂತ ಹೇಳಿ ಹೊರಗೆ ಕಳಿಸಿದರು. ಹೋಗುವಾಗ ಆ ಗೇಟು ವಾಲಿರುವುದನ್ನು ಕೆಂಡ ನೋಡಿದ. ನೋಡಿ ಸುಮ್ಮನೆ ಹೋದ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಕೆಂಡ, ಭಾವ ಇಬ್ಬರೂ ಷೆಡ್ಡಿನಲ್ಲಿದ್ದರು. ಕಾರನ್ನು ಎಳೆದು ತಂದು ಹಾಕಿದ್ದರು. ಕೈಗೆ ಕಟ್ಟು ಹಾಕಿಕೊಂಡ ಕೆಂಡ ಎಡಗೈಯಲ್ಲಿ ರೆಂಚ್ ಹಿಡಿದು ಒಂದು ಬೋಲ್ಟಿನ ಮೇಲೆ ಬಗ್ಗಿದ್ದ. ಭಾವ ಪಕ್ಕದಲ್ಲಿ ಕೂತಿದ್ದ. ಕುಂಚ ಅಂಗಿಯ ಜೇಬಿನಲ್ಲಿತ್ತು, ಕೈ ತೊಡೆಯ ಮೇಲಿತ್ತು. ಸದ್ದು ಕಿವಿಗೆ ಬೀಳುವವರೆಗೆ ಕುಂಚ ಜೇಬಿನಿಂದ ಏಳುವ ಹಾಗಿಲ್ಲ ಅನ್ನುವುದು ಹೊಸ ಕಾನೂನು. ಅದನ್ನು ಕೂಗಿ ಹೇಳಿದವರು ಯಾರೂ ಇಲ್ಲ.

ಭಾವ ಸುತ್ತಲೂ ನೋಡಿದ. "ಅಲ್ಲಪ್ಪ, ಆ ಬಾಗಿಲು ಎಲ್ಲಿ? ನಿನ್ನ ಅಕ್ಕ ನಿನಗೆ ಕೊಟ್ಟದ್ದಲ್ವಾ? ಅಲ್ಲೇ ಬಿಟ್ಟು ಬಂದ್ಯಾ?"

ಕೆಂಡ ತಲೆ ಎತ್ತಲಿಲ್ಲ.

"ಯಾವ ಬಾಗಿಲು?" ಅಂದ. ರೆಂಚ್ ಟಕ್ ಅಂದಿತು.